ಅಪ್ಪನ ಅರ್ಧ ಪದಕ್ಕೆ ಜೊತೆ ಹುಡುಕಿ

ನರಸಿಂಹರಾಜಪುರದಿಂದ ಕೊಪ್ಪಕ್ಕೆ ಹೋಗುವ ಬೆಳಗಿನ ಬಸ್ಸು ಹತ್ತಿದಾಗ ಶಿವರಾತ್ರಿ ಕಳೆದು ಎರಡು ವಾರದ ಮೇಲಾಗಿತ್ತು. ಹಗಲೆಲ್ಲ ಬಿಸಿಲು ಸುಡುತ್ತಿದ್ದರೂ ಬೆಳಗಿನ ಮಂಜು ಇನ್ನೂ ರಸ್ತೆ ಬಿಟ್ಟಿರಲಿಲ್ಲ. ಟಿಕೆಟ್ಟಿಗೆ ಹನ್ನೆರಡು ರೂಪಾಯಿ. ಕಂಡಕ್ಟರ್ ಚೀಟಿ ಹರಿಯುತ್ತಾ, "ಕೊಪ್ಪಕ್ಕಷ್ಟೇನಾ ಅಕ್ಕ, ಮುಂದಕ್ಕಾ?" ಎಂದ. ಸಿರಿಮನೆಗೆ ಎಂದೆ. "ಫಾಲ್ಸ್ ನೋಡಕ್ಕಾ? ಈಗ ನೀರು ಕಮ್ಮಿ ಮಾರಾಯ್ರೆ, ಮಳೆಗಾಲ ಮುಗಿದ ಮೇಲೆ ಬರ್ಬೇಕಿತ್ತು" ಎಂದು ಮರುಕಪಟ್ಟ. ಫಾಲ್ಸ್ ಕಟ್ಟಿಕೊಂಡು ನನಗೇನಾಗಬೇಕಿತ್ತು? ನಾನು ಹೊರಟದ್ದು ದುಗ್ಗಪ್ಪ ಎಂಬ ಒಬ್ಬ ಮುದುಕನನ್ನು ಹೇಗಾದರೂ ಮಾಡಿ ಎತ್ತಿಕೊಂಡು ಬರಲು.

ನಾನು ತರೀಕೆರೆಯಲ್ಲಿ ಬಟ್ಟೆ ಹೊಲಿಯುವವಳು. ನಾಳೆ ಬನ್ನಿ ಎಂದು ಹೇಳಿ ಹೇಳಿ ಬಾಯಿ ಸವೆಸಿಕೊಂಡವಳು; ಪ್ರಯಾಣಗೀಣ ನನಗೆ ಆಗಿಬರುವುದಿಲ್ಲ. ಎನ್.ಆರ್.ಪುರದಲ್ಲಿ ತಮ್ಮ ರಮೇಶನಿಗೆ ಸೈಕಲ್ ಅಂಗಡಿ ಇದೆ. ಅಪ್ಪ ಇದ್ದದ್ದು ಅವನ ಮನೆಯಲ್ಲಿ. ರಸ್ತೆಗೆ ಟಾರು ಹಾಕುವ ಗ್ಯಾಂಗಿನಲ್ಲಿ ದುಡಿದ ಗಟ್ಟಿ ಮನುಷ್ಯ, ಆ ಚಳಿಗಾಲದಲ್ಲಿ ಹಾಸಿಗೆ ಹಿಡಿದಿದ್ದ. ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದಿದ್ದರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು, ಅಪ್ಪನಿಗೂ ಗೊತ್ತಿತ್ತು. ನಾನು ಅಂಗಡಿಗೆ ಬೀಗ ಹಾಕಿ ಬಂದು ಕೂತಿದ್ದೆ.

ಹಾಗೆ ಮಲಗಿದ್ದ ಅಪ್ಪ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಹಾಡತೊಡಗಿದ್ದ. ನಮ್ಮ ಕಡೆ ದೀಪಾವಳಿಯ ರಾತ್ರಿಗಳಲ್ಲಿ ಗಂಡಸರು ದೀಪ ಹಿಡಿದು ಮನೆಮನೆಗೆ ಹೋಗಿ, ಮುಚ್ಚಿದ ಬಾಗಿಲ ಮುಂದೆ ನಿಂತು ಪದ ಹೇಳುವ ರೂಢಿ ಇದೆ. ಅಂಟಿಗೆ ಪಂಟಿಗೆ ಎನ್ನುತ್ತಾರೆ. ಹಾಡು ಮುಗಿಯುವವರೆಗೆ ಒಳಗಿನವರು ಬಾಗಿಲು ತೆಗೆಯುವುದಿಲ್ಲ. ತೆಗೆದ ಮೇಲೆ ದೀಪಕ್ಕೆ ಎಣ್ಣೆ ಎರೆದು ಕಳಿಸುತ್ತಾರೆ. ಪದಕ್ಕೆ ಎರಡು ಬಾಯಿ ಬೇಕು: ಒಬ್ಬ ಒಂದು ಸಾಲು ಎತ್ತಿದರೆ ಇನ್ನೊಬ್ಬ ಅದರ ಜೋಡಿ ಸಾಲು ಕೊಡಬೇಕು. ಅಪ್ಪನ ಜೋಡಿ ದುಗ್ಗಪ್ಪ. ಇಬ್ಬರೂ ಒಂದೇ ಊರಿನವರು. ಆ ಊರು ಭದ್ರಾ ಹಿನ್ನೀರಿನಲ್ಲಿ ಮುಳುಗಿದಾಗ ಅಪ್ಪ ಎನ್.ಆರ್.ಪುರಕ್ಕೆ ಬಂದ, ದುಗ್ಗಪ್ಪ ಶೃಂಗೇರಿ ಆಚೆಯ ಸಿರಿಮನೆಗೆ ಹೋದ. ಯಾವುದೋ ಮದುವೆಯಲ್ಲಿ ಒಮ್ಮೆ ಸಿಕ್ಕಿದ್ದರಂತೆ, ಅಷ್ಟೇ.

ಚಿಕ್ಕಂದಿನಲ್ಲಿ ನನ್ನನ್ನು ಮಲಗಿಸಲು ಅಪ್ಪ ಇದೇ ಪದ ಹೇಳುತ್ತಿದ್ದ. "ಹೊಳೆಯನು ದಾಟಿ ಬಂದೇವೆ ತಾಯಿ" ಎಂದು ಎತ್ತಿ, ಒಂದು ಸಾಲಿನಷ್ಟು ಹೊತ್ತು ಸುಮ್ಮನಿದ್ದು, "ಹುಲಿ ಸುಳಿವ ಹಾದೀಲಿ ಬಂದೇವೆ ತಾಯಿ" ಎನ್ನುತ್ತಿದ್ದ. ನಡುವಿನ ಮೌನವೂ ಹಾಡಿನದೇ ಎಂದು ನಾನು ತಿಳಿದಿದ್ದೆ. ನನಗೆ ಪದಕ್ಕಿಂತ ಆ ಮೌನವೇ ಇಷ್ಟವಾಗಿತ್ತು, ನಿದ್ದೆ ಬರುತ್ತಿದ್ದದ್ದು ಅದರಲ್ಲೇ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಹಾಡುವುದನ್ನು ಬಿಟ್ಟಿದ್ದ.

ಈಗ ಹಗಲೆಲ್ಲ ಅದೇ. ಒಂದು ಸಾಲು ಹಾಡುವುದು, ಬಾಗಿಲ ಕಡೆ ಕಿವಿ ಕೊಟ್ಟು ಕಾಯುವುದು, ಯಾರೋ ಉತ್ತರ ಕೊಟ್ಟರೆಂಬಂತೆ ತಲೆಯಾಡಿಸಿ ಮುಂದಿನ ಸಾಲು. ಕೊನೆಯ ಪದಕ್ಕೆ ಬಂದಾಗ ನಿಂತುಬಿಡುತ್ತಿದ್ದ. "ಇದನ್ನ ದುಗ್ಗ ಎತ್ಬೇಕು. ಅವ್ನು ಎತ್ತದೆ ನಾನು ಮುಗ್ಸೋ ಹಂಗಿಲ್ಲ" ಎಂದು ಮತ್ತೆ ಮೊದಲಿನಿಂದ ಶುರು. ಊಟ ಸೇರುತ್ತಿರಲಿಲ್ಲ, ನಿದ್ದೆ ಇರಲಿಲ್ಲ, ದನಿ ಒಡೆದು ಬರಿಯ ಉಸಿರಾಗಿತ್ತು. ನೋಡಲಾರದೆ ಒಂದು ದಿನ ನಾನೇ ನಡುವೆ ಬಾಯಿಗೆ ಬಂದ ಸಾಲು ಸೇರಿಸಿದೆ. ಅಪ್ಪ ನನ್ನ ಕೈ ತಳ್ಳಿ, "ನೀನು ಮನೆಯೋಳು. ಮನೆಯೋರು ಹಾಡಬಾರ್ದು" ಎಂದ. ಅಪ್ಪ ಹೀಗೆ ಒದ್ದಾಡಿಕೊಂಡು ಹೋಗಬಾರದು, ಅವನ ಪದ ಒಂದು ಸಲವಾದರೂ ಪೂರ್ತಿಯಾಗಬೇಕು ಎಂದು ನನಗೆ ಹಟ ಬಂತು. ದುಗ್ಗಪ್ಪನಿಗೆ ನಡೆಯಲಾಗದಿದ್ದರೆ ಕಾರು ಮಾಡಿಯಾದರೂ ತರುತ್ತೇನೆ ಎಂದು ಹೊರಟೆ.

ಕೊಪ್ಪ ತಲುಪಿದಾಗ ಮಂಜು ಕರಗಿತ್ತು. ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಅಕ್ಕಿರೊಟ್ಟಿ, ಕಾಯಿಚಟ್ನಿ ತಿಂದೆ. ರೊಟ್ಟಿ ಚೆನ್ನಾಗಿತ್ತು, ಕಾಫಿ ಕಲಗಚ್ಚು. ಗಲ್ಲಾದಲ್ಲಿದ್ದ ಹಿರಿಯರು ಮಾತಿಗೆ ಸಿಕ್ಕರು. ಅವರೂ ಹುಡುಗರಾಗಿದ್ದಾಗ ದೀಪದ ಗುಂಪಿನೊಡನೆ ತಿರುಗಿದವರೇ. ಅಪ್ಪನ ವಿಷಯ ಹೇಳಿದೆ. ಅವರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ, "ಹಬ್ಬ ಅಲ್ಲ, ಹುಣ್ಣಿಮೆ ಅಲ್ಲ, ಬಾಗಿಲ ಪದ ಹೇಳ್ತಿದಾರಾ? ಅದು ತಮಾಷೆ ಅಲ್ಲ ತಂಗಿ. ಹಬ್ಬದಲ್ಲಿ ಹಾಡಿದ್ರೆ ಯಾರು ಬಂದಿದಾರೆ ಅಂತ ಗೊತ್ತಿರ್ತದೆ. ಬೇರೆ ದಿನ ಹಾಡಿದ್ರೆ ಬಾಗಿಲ ಹೊರಗೆ ಯಾರು ನಿಂತಿದಾರೆ ಅಂತ ಹೆಂಗೆ ಹೇಳೋದು?" ಎಂದರು. ಸಮಾಧಾನ ಹೇಳುತ್ತಾರೆಂದುಕೊಂಡರೆ ಇದೊಂದು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ.

ಶೃಂಗೇರಿ ಬಸ್ಸಿನಲ್ಲಿ ಪಕ್ಕದಲ್ಲಿ ಎಲೆ ಅಡಿಕೆ ಮೆಲ್ಲುವ ಅಜ್ಜಿ ಸಿಕ್ಕಿದಳು. ಮಗಳ ಮನೆಗೆ ಹೊರಟವಳು, ಮಡಿಲಲ್ಲಿ ಹಲಸಿನ ಹಪ್ಪಳದ ಕಟ್ಟು. ಹರಿಹರಪುರದ ಹತ್ತಿರ ರಸ್ತೆ ಸುತ್ತಿ ಸುತ್ತಿ ಇಳಿಯುತ್ತದೆ. ತಲೆ ತಿರುಗದಿರಲೆಂದು ಕಿಟಕಿಗೆ ಒರಗಿದವಳು ಯಾವಾಗ ಗುನುಗಲು ಶುರು ಮಾಡಿದೆನೋ ತಿಳಿಯದು. ಹದಿನೈದು ದಿನ ಕೇಳಿದ್ದಲ್ಲವೇ, ನಾಲಿಗೆಗೆ ಅಂಟಿತ್ತು. ಒಂದು ಸಾಲು ಹೇಳಿ ಸುಮ್ಮನಾದೆ. ಅಜ್ಜಿ ತಟ್ಟನೆ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ಕೈಯಿಂದ ಸುಣ್ಣದ ವಾಸನೆ ಬಂತು.

"ಎಂತ ಮಾಡ್ತೀಯೇ? ಅರ್ಧ ಪದ ಹೇಳಿ ಕಾಯಬ್ಯಾಡ."

"ನಾನೇನು ಕಾಯ್ಲಿಲ್ಲ ಅಜ್ಜಿ, ಮುಂದಿನ ಸಾಲು ಗೊತ್ತಿಲ್ಲ."

"ನೀ ಸುಮ್ನಾದ್ರೆ ಕಾದ ಹಂಗೇ ಅಲ್ದಾ?"

ಅಷ್ಟರಲ್ಲಿ ಬಸ್ಸಿನ ಹಿಂದಿನ ಬಾಗಿಲು ತಾನಾಗಿ ತೆರೆದುಕೊಂಡು ಪಟಪಟ ಬಡಿಯತೊಡಗಿತು. ಕಂಡಕ್ಟರ್ ಎದ್ದು ಹೋಗಿ ಎಳೆದು ಹಾಕಿ, ಲಾಕ್ ಕೆಟ್ಟು ತಿಂಗಳಾಯ್ತು ಎಂದು ಯಾರನ್ನೋ ಬೈದ. ಅವನ ಮಾತು ನಿಜವೇ ಇರಬೇಕು. ಆದರೂ ಅಜ್ಜಿ ಹಪ್ಪಳದ ಕಟ್ಟು ಎತ್ತಿಕೊಂಡು ಮುಂದಿನ ಸೀಟಿಗೆ ಹೋದಳು. ಶೃಂಗೇರಿವರೆಗೆ ನನ್ನ ಪಕ್ಕದಲ್ಲಿ ಯಾರೂ ಕೂರಲಿಲ್ಲ.

ಶೃಂಗೇರಿಯಲ್ಲಿ ಮಠದ ಊಟದ ಸಾಲಿಗೆ ನಿಂತು ಅನ್ನ, ಸಾರು, ಪಾಯಸ ಉಂಡೆ. ದೇವರಿಗೆ ಕೈ ಮುಗಿದದ್ದೂ ಅವಸರದಲ್ಲೇ. ಕಿಗ್ಗಕ್ಕೆ ಬಸ್ಸು, ಹತ್ತು ಕಿಲೋಮೀಟರಿನ ಒಳಗೆ. ಅಲ್ಲಿಂದ ಸಿರಿಮನೆಗೆ ಜೀಪು ಸಿಕ್ಕಿತು. ನಾಲ್ಕೈದು ಕಿಲೋಮೀಟರ್ ಏರು, ಧೂಳು. ಜೀಪಿನವನು ಶೃಂಗೇರಿಯವನು, ದುಗ್ಗಪ್ಪನನ್ನು ಅರಿಯ. ಗದ್ದೆಯಲ್ಲಿ ಎಮ್ಮೆ ಕಟ್ಟುತ್ತಿದ್ದ ಒಬ್ಬಾತ ದೂರದಿಂದಲೇ ಕೈ ತೋರಿಸಿದ: ದಿಬ್ಬದ ಮೇಲೆ ಹೊಸದಾಗಿ ಶೀಟು ಹೊದಿಸಿದ ಮನೆ.

ಅಂಗಳದಲ್ಲಿ ಕಾಳುಮೆಣಸು ಒಣಹಾಕುತ್ತಿದ್ದ ಮುದುಕಿ ನನ್ನನ್ನು ಕಂಡು ಎದ್ದು ನಿಂತಳು. ದುಗ್ಗಪ್ಪನ ಹೆಂಡತಿ, ಸಣ್ಣಮ್ಮ. ನಾನು ಬಾಯಿ ತೆರೆಯುವ ಮೊದಲೇ, "ಎನ್.ಆರ್.ಪುರದೋಳಾ?" ಎಂದಳು. ಹೌದೆಂದೆ. "ಎಂತಕ್ಕೆ ಇಷ್ಟು ತಡ ಮಾಡ್ದೆ? ದಿನಾ ದಾರಿ ನೋಡ್ತಿದ್ವಿ" ಎಂದಳು. ಬರುತ್ತೇನೆಂದು ನಾನು ಯಾರಿಗೂ ಹೇಳಿಕಳಿಸಿರಲಿಲ್ಲ. ಫೋನೂ ಮಾಡಿರಲಿಲ್ಲ, ನಂಬರೇ ಇರಲಿಲ್ಲ.

ಒಳಗೆ ಕೂರಿಸಿ ಬೆಲ್ಲ ನೀರು ಕೊಟ್ಟರು. ದುಗ್ಗಪ್ಪ ಎಲ್ಲಿ ಎಂದು ಕೇಳಿದೆ. ಸೊಸೆ ಅತ್ತೆಯ ಮುಖ ನೋಡಿದಳು. "ಹೋದ್ರು" ಎಂದಳು ಸಣ್ಣಮ್ಮ. "ಶಿವರಾತ್ರಿ ಮಾರನೇ ದಿನ, ಅಮಾಸೆ ಸಂಜೆ. ಮೊನ್ನೆ ವೈಕುಂಠ ಸಮಾರಾಧನೆನೂ ಆಯ್ತು." ನನಗೆ ಅಳು ಬಂತು. ಕಂಡೇ ಇರದ ಮನುಷ್ಯನಿಗಾಗಿ ಅಲ್ಲ, ಬರಿಗೈಯಲ್ಲಿ ಹೋಗಿ ಅಪ್ಪನ ಮುಂದೆ ಹೇಗೆ ನಿಲ್ಲಲಿ ಎಂದು. ಸಾವಿನ ಮನೆಯಲ್ಲಿ ಹಾಗೆ ಸ್ವಾರ್ಥಕ್ಕೆ ಅತ್ತೆ.

ಅತ್ತು ಮುಗಿದ ಮೇಲೆ ಸಣ್ಣಮ್ಮ ಹೇಳಿದಳು. ಕೊನೆಯ ವಾರ ದುಗ್ಗಪ್ಪ ಹಾಸಿಗೆಯಿಂದ ಬಾಗಿಲ ಪದ ಹೇಳುತ್ತಲೇ ಇದ್ದನಂತೆ. ಪೂರ್ತಿಯಲ್ಲ, ತನ್ನ ಪಾಲಿನ ಸಾಲುಗಳನ್ನು ಮಾತ್ರ. ಮೊದಲು ಸುಮ್ಮನಿದ್ದು ಕೇಳಿಸಿಕೊಳ್ಳುವನು, ಆಮೇಲೆ ಹಾಡುವನು. "ಕಡೇ ಪದ ಅವರೇ ಎತ್ತೋರು, ಎತ್ತಿ ಕಾಯೋರು. ಅವ್ನು ಮುಗಿಸ್ಲಿಲ್ಲ, ಅವ್ನು ಮುಗಿಸ್ಲಿಲ್ಲ ಅನ್ನೋರು. ಹಂಗೇ ಕಾಯ್ತಾ ಹೋದ್ರು. ಅಲ್ಲಿಂದ ಯಾರೋ ಬರ್ತಾರೆ, ನನ್ ಪಾಲು ಕೊಟ್ಟು ಕಳ್ಸಿ ಅಂದಿದ್ರು. ಇವಳು ಟೇಪಿಗೆ ಹಿಡಿದಿಟ್ಟಳು."

ನಾನು ದಿನ ಲೆಕ್ಕ ಹಾಕಿದೆ. ಅಮಾವಾಸ್ಯೆಯ ಮಾರನೇ ಬೆಳಿಗ್ಗೆಯೇ ಅಪ್ಪ ಹಾಡಲು ಶುರು ಮಾಡಿದ್ದು. ದುಗ್ಗಪ್ಪ ಹೋದ ಸುದ್ದಿ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ. ಹೀಗೂ ಆಗುತ್ತದೆ, ಕಾಕತಾಳೀಯ ಎಂದುಕೊಂಡೆ. ಅಂದುಕೊಂಡರೂ ನೀರಿನ ಲೋಟ ಕೆಳಗಿಟ್ಟೆ.

ಸೊಸೆ ಕ್ಯಾಸೆಟ್ ಹಾಕಿದಳು. ಮೊದಲು ಬರೀ ಸರಸರ ಸದ್ದು. ಒಂದು ಸಾಲಿನಷ್ಟು ಹೊತ್ತು ಏನೂ ಇಲ್ಲ. ಆ ಮೌನ ನನಗೆ ಗೊತ್ತಿತ್ತು, ಅದರ ಉದ್ದ ಗೊತ್ತಿತ್ತು. ಅದು ಮುಗಿಯುವುದಕ್ಕೂ ಒಣಗಿದ ಒಂದು ದನಿ "ಹೊಸಿಲನು ದಾಟಿಸೆ ಬೆಳಕ" ಎನ್ನುವುದಕ್ಕೂ ಸರಿಹೋಯಿತು. ನಲವತ್ತು ವರ್ಷ ನಾನು ಖಾಲಿ ಎಂದುಕೊಂಡಿದ್ದ ಜಾಗದಲ್ಲಿ ಇಂಥ ಸಾಲು ಇತ್ತು. ಇನ್ನೂ ಕೇಳಬೇಕೆನಿಸಿತು, ಆದರೆ ಸಣ್ಣಮ್ಮ ಟೇಪು ಆರಿಸಿದಳು. "ಇಲ್ಲಿ ಬ್ಯಾಡ. ಒಬ್ಬನೇ ಹಾಡಿದ್ರೆ ಇನ್ನೊಬ್ಬನ್ನ ಕರೆದಂಗೆ. ತಗೊಂಡು ಹೋಗು, ಅಲ್ಲೇ ಮುಗಿಸ್ರಿ" ಎಂದು ಕ್ಯಾಸೆಟ್ಟನ್ನು ರವಿಕೆ ಕಣದಲ್ಲಿ ಸುತ್ತಿ, ಬಾಳೆ ಎಲೆಯಲ್ಲಿ ನಾಲ್ಕು ಕಡುಬು ಕಟ್ಟಿ ಕೊಟ್ಟಳು. ಬೀಳ್ಕೊಡಲು ಗೇಟಿನವರೆಗೆ ಬಂದವಳು ಹಿಂದಿರುಗಿ ನೋಡಬೇಡ ಎಂದಳು. ನೋಡಲಿಲ್ಲ.

ಆ ರಾತ್ರಿ ಶೃಂಗೇರಿಯ ಛತ್ರದಲ್ಲಿ ತಂಗಿ, ಮೊದಲ ಬಸ್ಸಿಗೆ ಹೊರಟು ಮಾರನೇ ದಿನ ಊಟದ ಹೊತ್ತಿಗೆ ಎನ್.ಆರ್.ಪುರ ಸೇರಿದೆ. ದಾರಿಯುದ್ದಕ್ಕೂ ಒಂದೇ ಹೆದರಿಕೆ, ಅಪ್ಪ ಇರುತ್ತಾನೋ ಇಲ್ಲವೋ ಎಂದು. ಇದ್ದ. ತುಟಿ ಅಲುಗುತ್ತಿತ್ತು. ದುಗ್ಗಪ್ಪ ತೀರಿಕೊಂಡದ್ದನ್ನು ನಾನು ಹೇಳಲಿಲ್ಲ. "ದುಗ್ಗಪ್ಪನ ಪದ ತಂದಿದೀನಿ ಅಪ್ಪ" ಎಂದಷ್ಟೇ ಹೇಳಿ, ರಮೇಶನ ಟೇಪನ್ನು ಮಂಚದ ಪಕ್ಕ ಇಟ್ಟು ಗುಂಡಿ ಒತ್ತಿದೆ. ಇಷ್ಟು ದೂರ ಹೋಗಿ ಬಂದ ಹೆಮ್ಮೆಯಲ್ಲಿ ನಾನು ಮಾಡಬಾರದ್ದನ್ನು ಮಾಡಿದ್ದೆ.

ಮೌನ ಕಳೆದು ಆ ದನಿ ಬಂದದ್ದೇ ಅಪ್ಪನ ಕಣ್ಣು ಅಗಲವಾದವು. ಅವನಲ್ಲಿ ನಾನು ಎಂದೂ ಕಂಡಿರದ ಭಯ ಅದು. ಗೋಡೆಗೆ ಸರಿದು, "ಅವ್ನು ಒಳಗೆ ಹೆಂಗೆ ಬಂದ? ಪದ ಮುಗಿಯದೆ ಬಾಗ್ಲು ತೆಗೆದೋರು ಯಾರು?" ಎಂದ. ನಾನು ಟೇಪು ಆರಿಸಿದೆ. ರಮೇಶನ ಹೆಂಡತಿ ಶಾರದೆ ಓಡಿ ಬಂದಳು. ಬಾಗಿಲ ಪದವನ್ನು ಮನೆಯೊಳಗೆ ಹಾಡಿಸುತ್ತಾರೆಯೇ? ಹುಟ್ಟಿದಾಗಿನಿಂದ ಆ ರೂಢಿ ನೋಡಿದವಳಿಗೆ ನನಗೆ ಅಷ್ಟು ತಿಳಿಯಬೇಡವೇ? ಅಪ್ಪ ಉಸಿರು ಸಿಗದೆ ಏದುಸಿರು ಬಿಡುತ್ತಾ, "ಹೊರಗೆ ಹಾಕು ಅವ್ನನ್ನ. ನನ್ನೂ ಹಾಕು. ನಾವು ಹೊರಗಿನೋರು" ಎಂದ.

ರಮೇಶನೂ ಪಕ್ಕದ ಮನೆಯವರೂ ಸೇರಿ ಅಪ್ಪನನ್ನು ಮಂಚದ ಸಮೇತ ಜಗಲಿಗೆ ತಂದರು. ಬಿಸಿಲು ಅಂಗಳ ಸುಡುತ್ತಿತ್ತು. ಕಿಟಕಿಯಿಂದ ವಯರು ಎಳೆದು ಟೇಪನ್ನು ಅಪ್ಪನ ಬಲಕ್ಕೆ, ಒಬ್ಬ ಮನುಷ್ಯ ಕೂರುವಷ್ಟು ಜಾಗ ಬಿಟ್ಟು ಇಟ್ಟೆವು. ಜಾಗ ಬಿಡಿಸಿದ್ದು ಅಪ್ಪನೇ. ದೇವರ ಕೋಣೆಯ ಹಣತೆ ಹಚ್ಚಿ ಮುಂದಿಟ್ಟೆ. ಅಪ್ಪ ನನ್ನನ್ನು ನೋಡಿ ಒಳಗೆ ಹೋಗು ಎಂದು ಕೈಸನ್ನೆ ಮಾಡಿದ. ಟೇಪಿನ ಗುಂಡಿ ಒತ್ತಲು ರಮೇಶ ಹೊರಗೇ ಉಳಿದ; ನಾನೂ ಶಾರದೆಯೂ ಒಳಗೆ ಹೋಗಿ ಬಾಗಿಲು ಮುಚ್ಚಿ ಅಗುಳಿ ಹಾಕಿದೆವು.

ಕತ್ತಲ ನಡುಮನೆಯಲ್ಲಿ, ತಿರುಗುವ ಫ್ಯಾನಿನ ಕೆಳಗೆ ನಿಂತು ಕೇಳಿದೆ. ಹೊಳೆಯನು ದಾಟಿ ಬಂದೇವೆ ತಾಯಿ. ಹೊಸಿಲನು ದಾಟಿಸೆ ಬೆಳಕ. ಹುಲಿ ಸುಳಿವ ಹಾದೀಲಿ ಬಂದೇವೆ ತಾಯಿ. ಅಗುಳಿಯ ಸರಿಸಿ ನೋಡೆ. ಒಂದು ದನಿ ಬಿಟ್ಟಲ್ಲಿ ಇನ್ನೊಂದು ಹಿಡಿಯುತ್ತಿತ್ತು. ಬಾಗಿಲ ಆಚೆ ಎರಡೂ ದನಿ ಒಂದೇ ದೂರದಲ್ಲಿದ್ದವು, ಯಾವುದು ಟೇಪಿನದು, ಯಾವುದು ಅಪ್ಪನದು ಎಂದು ಬರಬರುತ್ತಾ ತಿಳಿಯದಾಯಿತು. ಅಪ್ಪನ ದನಿ ಒಡೆದಿರಲಿಲ್ಲ. ನನ್ನನ್ನು ಮಲಗಿಸುತ್ತಿದ್ದ ದನಿಯೇ ಅದು. ನನಗೆ ಸುಖವಾಯಿತು, ನಿಜಕ್ಕೂ ಸುಖವಾಯಿತು.

ಆಗ ಫ್ಯಾನು ನಿಧಾನವಾಯಿತು. ದೇವರ ಕೋಣೆಯ ಕೆಂಪು ಬಲ್ಬು ಆರಿತು. ಮಧ್ಯಾಹ್ನ ದಿನಾ ಕರೆಂಟು ತೆಗೆಯುವ ಹೊತ್ತು ಅದು, ಅವಸರದಲ್ಲಿ ಮರೆತೇಬಿಟ್ಟಿದ್ದೆವು. ನಾನು ಶಾರದೆಯ ಮುಖ ನೋಡಿದೆ, ಅವಳು ಫ್ಯಾನು ನೋಡುತ್ತಿದ್ದಳು. ರೆಕ್ಕೆ ಪೂರ್ತಿ ನಿಂತಿತು. ಹೊರಗೆ ಹಾಡು ನಿಲ್ಲಲಿಲ್ಲ. ಎರಡು ದನಿಯೂ ನಿಲ್ಲಲಿಲ್ಲ.

"ಟೇಪಲ್ಲಿ ಸೆಲ್ ಇರ್ಬೇಕು ಅತ್ತಿಗೆ" ಎಂದಳು ಶಾರದೆ ಪಿಸುದನಿಯಲ್ಲಿ. ಇರಬೇಕು ಎಂದೆ.

ಕೊನೆಯ ಪದ ಬಂತು. "ಬೆಳಕೊಂದ ತಂದೇವೆ, ಬೇರೇನು ತಂದಿಲ್ಲ" ಎಂದು ಒಬ್ಬ ಎತ್ತಿದ. ಅದರ ಜೋಡಿ ಸಾಲನ್ನು ನಾನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಈಗ ಕೇಳಿದೆ, ಅಪ್ಪ ಹೇಳಿದ: "ಇಳಿಸಿಕೊಂಡು ಮುಂದಕೆ ಬಿಡು ತಾಯಿ."

ಹಾಡು ಮುಗಿಯಿತು. ಬಾಗಿಲು ತೆಗೆಯಬೇಕು. ನಾನು ತೆಗೆಯಲಿಲ್ಲ. ಇಡೀ ದಾರಿ ಓಡೋಡಿ ನಾನು ತಂದದ್ದು ಏನನ್ನು ಎಂದು ಆಗ ಹೊಳೆಯಿತು. ಪದ ಅರ್ಧವಿದ್ದಷ್ಟು ದಿನ ಅಪ್ಪ ಇದ್ದ. ಅಗುಳಿ ಹಿಡಿದುಕೊಂಡು ನಿಂತೆ. ಶಾರದೆ ನನ್ನ ಬೆನ್ನು ಸವರಿದಳು. ಹೊರಗಿನಿಂದ ಕದ ತಟ್ಟಿದ ಸದ್ದಾಯಿತು, ಮೆಲ್ಲಗೆ. ತೆಗೆದೆ.

ಅಪ್ಪ ಗೋಡೆಗೊರಗಿ ಕೂತಿದ್ದ, ಬಾಗಿಲಿಗೆ ಅವನ ಕೈ ಎಟುಕುವಂತಿರಲಿಲ್ಲ. ರಮೇಶ ಎಲ್ಲರಿಗಿಂತ ದೂರ, ಅಂಗಳದ ತುದಿಯಲ್ಲಿ ಬಿಸಿಲಿಗೆ ನಿಂತಿದ್ದ. ಅವನ ಮುಖ ಬಿಳುಚಿತ್ತು. ಟೇಪಿನಲ್ಲಿ ಸೆಲ್ ಇತ್ತೇ ಎಂದು ನಾನು ಅವನನ್ನು ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ, ಅವನೂ ಹೇಳಿಲ್ಲ. ಹಣತೆಗೆ ಎಣ್ಣೆ ಎರೆದೆ. ಅಪ್ಪ ನನ್ನನ್ನು ನೋಡಿದ ರೀತಿಯಲ್ಲಿ ಗುರುತಿರಲಿಲ್ಲ, ಮರ್ಯಾದೆ ಇತ್ತು. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತೆಗೆದ ಪರರ ಮನೆಯ ಹೆಂಗಸನ್ನು ನೋಡುವ ಹಾಗೆ ನೋಡಿ ಕೈ ಮುಗಿದ.

"ಮನೆಯೋರು ಹೇಳದೆ ನಾವು ಕಾಲು ಎತ್ತೋ ಹಂಗಿಲ್ಲ ತಾಯಿ. ಹೊರಡ್ಲಾ?"

ಅಪ್ಪ ತೀರಿಕೊಂಡದ್ದು ಮಾರನೇ ಬೆಳಿಗ್ಗೆ, ಯಾರನ್ನೂ ಎಬ್ಬಿಸದೆ. ಕರ್ಮ ಮುಗಿಸಿ ತರೀಕೆರೆ ಬಸ್ಸು ಹತ್ತಿದಾಗ ಕಳಿಸಲು ಬಂದವರೆಲ್ಲ, ನಿಮ್ಮಪ್ಪ ನೆಮ್ಮದಿಯಾಗಿ ಹೋದರು ಎಂದೇ ಹೇಳಿದರು. ಹೌದು ಎಂದೆ. ಆದರೆ ಅಪ್ಪ ಹೋದದ್ದು ಆ ಜಗಲಿಯಿಂದ, ನನ್ನ ಮಾತು ಕೇಳಿದ ಮೇಲೆ. ಆ ಮಾತು ಹೇಳಲು ನನಗೆ ಬಹಳ ಹೊತ್ತು ಬೇಕಾಯಿತು. ಕೂಗಿ ಅಳಬೇಕೆನಿಸಿತು. ಬೇಡ ಅಪ್ಪ, ಇನ್ನೊಂದು ಸಲ ಮೊದಲಿನಿಂದ ಹಾಡು ಎನ್ನಬೇಕೆನಿಸಿತು. ಅವನು ಮುಗಿದ ಕೈ ಇಳಿಸದೆ ಕಾಯುತ್ತಿದ್ದ. ಹೊಸಿಲ ಮೇಲೆ ನಿಂತು, ಮೊದಲು ಅವನ ಕಡೆಗೆ, ಆಮೇಲೆ ಅವನ ಬಲಕ್ಕಿದ್ದ ಆ ಖಾಲಿ ಜಾಗದ ಕಡೆಗೆ ನೋಡಿ, ಹೋಗಿ ಬನ್ನಿ ಎಂದೆ.